ಗೂಟ ಹೊಡೆಯದ ಡೇರೆ

ನಮ್ಮೂರಿನಲ್ಲಿ ಮದುವೆಯಾಗಲಿ ಸಾವಾಗಲಿ, ಮೊದಲು ಕರೆ ಹೋಗುವುದು ಸ್ವೈಲಿಮನಿಗೆ, ಆಮೇಲೆ ನನಗೆ. ಅವನು ಆಡಿನ ಕೂದಲಿನ ಡೇರೆ ಹಾಕುತ್ತಾನೆ, ನಾನು ಅದರ ಹಿಂದೆ ಒಲೆ ಹೂಡಿ ಮೊಸರಿನಲ್ಲಿ ಕುರಿಮಾಂಸ ಬೇಯಿಸುತ್ತೇನೆ. ನನ್ನ ಹೊಗೆ ಡೇರೆಗೆ ಬಡಿಯುತ್ತದೆ ಎಂದು ಅವನು, ಅವನ ಹಗ್ಗ ನನ್ನ ಕಾಲಿಗೆ ತೊಡರುತ್ತದೆ ಎಂದು ನಾನು, ಗಡ್ಡ ಕಪ್ಪಗಿದ್ದ ಕಾಲದಿಂದಲೂ ಜಗಳವಾಡುತ್ತಲೇ ಬಂದಿದ್ದೇವೆ. ಮೃತ ಸಮುದ್ರದ ಈ ದಡದಲ್ಲಿ ಅವನಷ್ಟು ಜಂಬದ ಮನುಷ್ಯ ಇನ್ನೊಬ್ಬನಿಲ್ಲ. ಗೂಟಕ್ಕೆ ಒಂದೇಟು ಹಾಕಿ ಕಿವಿಗೊಟ್ಟರೆ ನೆಲದ ಹೊಟ್ಟೆಯೊಳಗೆ ಏನಿದೆಯೆಂದು ತನಗೆ ತಿಳಿಯುತ್ತದೆ ಎನ್ನುತ್ತಿದ್ದ. ಅವನಪ್ಪನ ಟೊಮೆಟೊ ಹೊಲ ರಾತ್ರೋರಾತ್ರಿ ಗುಂಡಿಯೊಳಗೆ ಇಳಿದುಹೋದದ್ದು ಮಾತ್ರ ಯಾವ ಸುತ್ತಿಗೆಗೂ ತಿಳಿದಿರಲಿಲ್ಲ. ಆ ಮಾತನ್ನು ಅವನು ಎತ್ತುತ್ತಿರಲಿಲ್ಲ, ನಾವೂ ಎತ್ತುತ್ತಿರಲಿಲ್ಲ.

ಸಮುದ್ರ ವರ್ಷ ವರ್ಷವೂ ಹಿಂದೆ ಸರಿಯುತ್ತಿದೆ. ನೆಲದಡಿಯ ಉಪ್ಪನ್ನು ಬೆಟ್ಟದಿಂದ ಇಳಿದ ಸಿಹಿನೀರು ಒಳಗೊಳಗೇ ಕರಗಿಸುತ್ತದೆ, ಒಂದು ದಿನ ಮೇಲಿನ ನೆಲ ಕುಸಿಯುತ್ತದೆ. ನಮಗಿರುವುದು ದಡದ ರಸ್ತೆಯೊಂದೇ. ಅದಕ್ಕೇ ಅದರ ಬದಿಯುದ್ದಕ್ಕೂ ಕಾಲುವೆ ತೋಡಿ ಗಾಜಿನೆಳೆಯ ಕೇಬಲ್ ಹೂತರು. ಎಳೆಯೊಳಗೆ ಸದಾ ಬೆಳಕು ಓಡುತ್ತಿರುತ್ತದೆ. ಮಣ್ಣು ಚೂರು ಜಗ್ಗಿದರೂ ಎಳೆ ಹಿಗ್ಗುತ್ತದೆ, ಬೆಳಕು ಹಿಂದಿರುಗುವ ರೀತಿ ಬದಲಾಗುತ್ತದೆ, ಯಾವ ಜಾಗದಲ್ಲಿ ಎಂದು ಎಂಜಿನಿಯರ್ ತಗ್ರೀದಳ ಯಂತ್ರಕ್ಕೆ ಗೊತ್ತಾಗುತ್ತದೆ.

ಸ್ವೈಲಿಂ ಮೂಗು ಮುರಿದ. “ನನ್ ಸುತ್ತಿಗೆಗೆ ಗೊತ್ತಾಗ್ದೇ ಇರೋದು ಆ ದಾರಕ್ಕೇನ್ ಗೊತ್ತಾಗತ್ತೆ?”

ಕಳೆದ ಚಳಿಗಾಲದಲ್ಲಿ ಯಾರದೋ ಸಾವಿಗೆ ರಸ್ತೆ ಪಕ್ಕದ ಬಯಲಲ್ಲಿ ಡೇರೆ ಹಾಕಬೇಕಾಯಿತು. ನಮ್ಮ ನೆಲವೋ ಉಪ್ಪು ಕಟ್ಟಿ ಕಲ್ಲಾದದ್ದು. ಗೂಟ ಇಳಿಸುವಷ್ಟರಲ್ಲಿ ತೋಳು ಬಿದ್ದುಹೋಗುತ್ತದೆ. ರಸ್ತೆಯಂಚಿನಲ್ಲಿ ಮಾತ್ರ ಒಂದು ಪಟ್ಟಿ ಮಣ್ಣು ಬೆಣ್ಣೆಯಂತೆ ಮೆತ್ತಗಿತ್ತು. ಈ ಮಹಾಶಯ ಹಿಗ್ಗಿ, ಸಾಲಾಗಿ ಗೂಟಗಳನ್ನೆಲ್ಲ ಅದರೊಳಗೇ ಇಳಿಸಿದ. ಅದು ಕೇಬಲ್ ಹೂತ ಕಾಲುವೆ! ಯಂತ್ರ ಕೂಗಿಕೊಂಡಿತು, ರಸ್ತೆ ಮುಚ್ಚಿದರು, ಸಂತಾಪ ಹೇಳಲು ಬಂದವರು ಸಂಜೆಯವರೆಗೆ ಅಲ್ಲೇ ಸಿಕ್ಕಿಬಿದ್ದರು. ತಗ್ರೀದ್ ಬಂದು, ಕೇಬಲ್ಲನ್ನು ಒತ್ತಿ ನಿಂತಿದ್ದ ಗೂಟವನ್ನು ಕಿತ್ತು ಅವನ ಕೈಗೇ ಕೊಟ್ಟಳು.

“ಮಾವ, ನೆಲ ಅಲ್ಲಾಡಿಲ್ಲ. ಚುಚ್ಚಿರೋದು ನೀವು.”

ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನಂತೂ ವಾರಗಟ್ಟಲೆ ನಕ್ಕೆ. ಅವನು ಗಡ್ಡ ಮುಟ್ಟಿಕೊಂಡು, ರಸ್ತೆಯ ಬದಿಗೆ ಇನ್ನೆಂದೂ ಗೂಟ ಹೊಡೆಯುವುದಿಲ್ಲವೆಂದು ಆ ಹುಡುಗಿಗೆ ಮಾತು ಕೊಟ್ಟ.

ವಸಂತದಲ್ಲಿ ಅವನ ಒಬ್ಬನೇ ಮಗ ದೈಫಲ್ಲಾನ ಮದುವೆ ಬಂತು. ಹುಡುಗಿ ನೌಫಾ, ರಸ್ತೆಯ ಆ ತುದಿಯ ಊರಿನವಳು. ಅವಳಪ್ಪ ಖಲಫ್ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವನು, ಎಷ್ಟೋ ವರ್ಷ ಒಲ್ಲೆನೆಂದು ಕೊನೆಗೆ ಒಪ್ಪಿದ್ದ. ಅದೇ ಬಯಲಲ್ಲಿ ಡೇರೆ ಎದ್ದಿತು. ರಸ್ತೆಯ ಬದಿಗೆ ಗೂಟವಿಲ್ಲ, ಮರಳು ತುಂಬಿದ ಪೀಪಾಯಿಗಳಿಗೆ ಹಗ್ಗ ಬಿಗಿದಿದ್ದ. ಒಲೆಯ ಮೇಲೆ ಹಂಡೆಗಳು ಕುದಿಯುತ್ತಿದ್ದವು. ಹುಡುಗಿಯನ್ನು ಕರೆತರಲು ಕಾರುಗಳು ಹೊರಡಬೇಕು, ಅಷ್ಟರಲ್ಲಿ ತಗ್ರೀದಳ ಫೋನು ಬಂತು.

“ಮಾವ, ನಿಮ್ಮ ಡೇರೆ ಹತ್ರಾನೇ ಎಳೆ ಜಗ್ತಾ ಇದೆ. ಮತ್ತೆ ಗೂಟ ಹೊಡದ್ರಾ? ಹೌದು ಅಂದ್ರೆ ರಸ್ತೆ ಮುಚ್ಚಲ್ಲ, ಆಮೇಲೆ ಬಂದು ನೋಡ್ತೀನಿ.”

ನಮಗೆಲ್ಲ ಕೇಳಿಸಿತು. ದೈಫಲ್ಲಾ ಅಪ್ಪನ ತೋಳು ಹಿಡಿದ. “ಹೌದು ಅಂದ್ಬಿಡಪ್ಪಾ! ಒಂದೇ ಒಂದ್ ಮಾತು!”

ನಾನೂ ಹೌದು ಎನ್ನೆಂದು ಕಣ್ಣಲ್ಲೇ ಹೇಳಿದೆ. ನಮ್ಮಲ್ಲಿ ಮದುವೆಯ ಡೇರೆಯನ್ನು ಹುಡುಗಿ ಕಾಲಿಡುವ ಮುಂಚೆ ಇಳಿಸಿದರೆ, ಮಾತು ಮುರಿಯಿತೆಂದೇ ಅರ್ಥ. ಖಲಫನಂಥವನು ಮತ್ತೆ ಒಪ್ಪುವುದುಂಟೇ?

ಸ್ವೈಲಿಂ ಪೀಪಾಯಿಗಳನ್ನು ನೋಡಿದ, ಮಗನ ಮುಖ ನೋಡಿದ. “ಇಲ್ಲಮ್ಮ,” ಎಂದ. “ನನ್ ಗೂಟ ಒಂದೂ ಇಲ್ಲ. ಜಗ್ತಾ ಇರೋದು ನೆಲಾನೇ. ರಸ್ತೆ ಮುಚ್ಚು.”

ಮೊದಲ ಹಗ್ಗವನ್ನು ಅವನೇ ಬಿಚ್ಚಿದ. ದೈಫಲ್ಲಾ ಅಪ್ಪನಿಗೆ ಬೆನ್ನು ತಿರುಗಿಸಿ ನಿಂತ. ನಾನು ಬಾಯಿಗೆ ಬಂದಂತೆ ಬೈದೆ.

“ಕುದಿಯೋ ಹಂಡೇನ ಎಲ್ಲಿಗ್ ಹೊರಲೋ, ಮುದಿಯಾ?”

“ಗುಡ್ಡದ್ ಮೇಲೆ ಶಾಲೆ ಹತ್ರ. ಬೈತಾ ಬೈತಾನೇ ಹೊರು, ನಡಿ!”

ಹೊತ್ತೆವು. ಅಲ್ಲಿಂದ ಸ್ವೈಲಿಂ ಖಲಫನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದ. “ಡೇರೆ ಇಳಿಸ್ದ್ಯಾ?” ಎಂದು ಆ ಕಡೆಯಿಂದ ಒಂದು ಗರ್ಜನೆ, ಫೋನು ಕಟ್. ನೆಂಟರು ಒಬ್ಬೊಬ್ಬರೇ ಕಳಚಿಕೊಂಡರು. ಡೇರೆ ಸುರುಳಿಯಾಗಿ ಅಂಗಳದಲ್ಲಿ ಬಿದ್ದಿತ್ತು, ಅದರ ಮೇಲೆ ಅವನು ಕುಳಿತಿದ್ದ. ಜಂಬವೆಲ್ಲ ಇಳಿದುಹೋದ ಆ ಮುಖ ನೋಡಿ ಬೈಯುವುದನ್ನು ನಿಲ್ಲಿಸಿದೆ. ಒಂದು ಲೋಟ ಕಾಫಿ ಕೊಟ್ಟೆ, ಕೈಯಲ್ಲಿ ಹಿಡಿದನೇ ಹೊರತು ಕುಡಿಯಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ರಸ್ತೆ ಬಿಟ್ಟು ಮೇಲಿನ ಟೊಮೆಟೊ ಹೊಲಗಳನ್ನು ಹಾಯ್ದು ಬರುವ ಟ್ರ್ಯಾಕ್ಟರುಗಳ ಸದ್ದು ಕೇಳಿಸಿತು. ಮುಂದಿನದನ್ನು ಓಡಿಸುತ್ತಿದ್ದವನು ಖಲಫ್. ಹಿಂದಿನ ಗಾಡಿಯಲ್ಲಿ ಟೊಮೆಟೊ ಪೆಟ್ಟಿಗೆಗಳ ಮೇಲೆ ಕಂಬಳಿ ಹಾಸಿ ನೌಫಾ ಕುಳಿತಿದ್ದಳು, ಸುತ್ತಲಿನ ಹೆಂಗಸರು ಸಂಭ್ರಮದಿಂದ ನಾಲಿಗೆ ಆಡಿಸಿ ಕೂಗುತ್ತಿದ್ದರು.

ಖಲಫ್ ಇಳಿದು ನೇರವಾಗಿ ಸ್ವೈಲಿಮನ ಮುಂದೆ ನಿಂತ. “ನಿನ್ ಮೇಲೆ ಜಗಳಕ್ ಅಂತ್ಲೇ ಹೊರಟಿದ್ದೆ ಕಣಯ್ಯಾ. ರಸ್ತೆಗ್ ಅಡ್ಡ ಹಾಕಿರೋ ಕಡೆ ನಿಂತು ಪೊಲೀಸರ್ ಹತ್ರ ಕೂಗಾಡ್ತಿದ್ದೆ. ನನ್ ಕಣ್ಣೆದುರೇ ಆ ಬಯಲು ಕೂತೋಯ್ತು. ನಿನ್ ಪೀಪಾಯಿಗಳೂ ಹೋದ್ವು, ಅರ್ಧ ರಸ್ತೆನೂ ಹೋಯ್ತು.” ಅವನು ಗಾಡಿಯ ಕಡೆ ತಿರುಗಿ ನೋಡಿದ. “ನನ್ ಮಗಳನ್ನ ಅಲ್ಲೇ ಅಲ್ವಾ ಕೂರುಸ್ತಿದ್ದಿದ್ದು?”

ದೈಫಲ್ಲಾ ಬಂದು ಅಪ್ಪನ ಹಣೆಗೆ ಮುತ್ತಿಟ್ಟ. ಖಲಫ್ ಮೂಗು ಒರೆಸಿಕೊಂಡು ಮತ್ತೆ ಗದರಿದ. “ಏನ್ ನಿಂತಿದೀರಿ? ಡೇರೆ ಇಲ್ದೆ ನನ್ ಮಗಳು ಗಾಡಿಯಿಂದ ಇಳಿಯಲ್ಲ!”

ಉಳಿದಿದ್ದವರೂ ಬಂದವರೂ ಒಟ್ಟಿಗೆ ಕೈಹಾಕಿದರು. ಕಂಬಗಳು ಬಂದವು, ಸುರುಳಿ ಬಿಚ್ಚಿತು. ಸ್ವೈಲಿಂ ಮೊದಲ ಗೂಟ ನೆಟ್ಟು ಸುತ್ತಿಗೆ ಎತ್ತಿದವನು ಹಾಗೇ ಕೆಳಗಿಟ್ಟು, ಜೇಬಿನಿಂದ ಫೋನು ತೆಗೆದ.

“ತಗ್ರೀದಮ್ಮ, ಶಾಲೆ ಅಂಗಳದಲ್ಲಿದೀನಿ. ಇಲ್ಲಿ ಗೂಟ ಹೊಡೀಲಾ?”

“ಅಲ್ಲಿ ಬಂಡೆ ಮಾವ, ಧೈರ್ಯವಾಗಿ ಹೊಡೀರಿ. ತೋಳು ಬಿದ್ದೋಗತ್ತೆ ಅಷ್ಟೆ.”

“ಬೀಳ್ಲಿ ಬಿಡು,” ಎಂದು ನಕ್ಕು ಅವನು ಸುತ್ತಿಗೆ ಎತ್ತಿದ. ಅವನ ತೋಳು ಸೋತಾಗ ಖಲಫ್ ಸುತ್ತಿಗೆ ಕಿತ್ತುಕೊಂಡ, ಖಲಫ್ ಸೋತಾಗ ನಾನು.