ಸೈಟಿನಡಿಯ ತಗಡಿನ ಚೂರು

ಬಂದೂಕು ರಿಪೇರಿ ಮಾಡುತ್ತಿದ್ದ ಆತನಿಗೆ ಬೀದಿಯವರು ಇಟ್ಟ ಹೆಸರು ಕೂದಲೆಳೆ ಮೇಸ್ತ್ರಿ. ಯಾವ ಕೆಲಸ ಕೊಟ್ಟರೂ ಇನ್ನೊಂದು ಕೂದಲೆಳೆಯಷ್ಟು ಉಜ್ಜಬೇಕು, ನಾಳೆ ಬನ್ನಿ ಅನ್ನುವ ಆಸಾಮಿ. ತಲೆಯಲ್ಲಿ ಒಂದೆಳೆಯೂ ಉಳಿದಿಲ್ಲ, ಇನ್ನು ಯಾವುದರಿಂದ ಅಳೀತಾರೋ ಎಂದು ಹೆಂಡತಿ ನಗುತ್ತಿದ್ದರು.

ಒಂದು ಬೆಳಿಗ್ಗೆ ನಿವೃತ್ತ ನರ್ಸೊಬ್ಬರು ಅಣ್ಣನ ಮಗಳ ಜೊತೆ ಅಂಗಡಿಗೆ ಬಂದರು. ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ್ದ ಗುರಿ ಪಂದ್ಯದ ರೈಫಲ್ಲನ್ನು ಬೆಂಚಿನ ಮೇಲಿಟ್ಟು, ಲೈಸೆನ್ಸನ್ನೂ ಪಕ್ಕದಲ್ಲಿಟ್ಟರು. ನಲವತ್ತೆರಡು ವರ್ಷದಿಂದ ಒಂದು ಗುಂಡೂ ಹಾರಿಸಿರಲಿಲ್ಲ; ಲೈಸೆನ್ಸು ಮಾತ್ರ ಒಮ್ಮೆಯೂ ತಪ್ಪದೆ ನವೀಕರಿಸಿದ್ದರು. ಈಗ ಹುಡುಗಿ ಶೂಟಿಂಗ್ ಕ್ಲಬ್ಬಿಗೆ ಸೇರಿದ್ದಳು; ರೈಫಲ್ಲನ್ನು ಅವಳಿಗೆ ಕೊಡುವ ಯೋಚನೆ ಇತ್ತು. ಆದರೆ ಹಿಂಬದಿಯ ಸೈಟು, ಅಂದರೆ ಕಣ್ಣಿಟ್ಟು ನೋಡುವ ತೂತಿನ ಬಿಲ್ಲೆ, ಬೆರಳು ತಾಗಿದರೆ ಅಲ್ಲಾಡುತ್ತಿತ್ತು.

ಮೇಸ್ತ್ರಿ ಸ್ಕ್ರೂ ಸಡಿಲಿಸುತ್ತಿದ್ದಾಗ ನರ್ಸಮ್ಮ ಹಳೇ ಕಥೆ ಹೇಳಿದರು. ಶೂಟಿಂಗ್ ತಂಡದ ಆಯ್ಕೆ ಪಂದ್ಯದಲ್ಲಿ ಇದೇ ರೈಫಲ್ಲಿನೊಂದಿಗೆ ಅವರೇ ಮುಂದಿದ್ದರು. ಕೊನೆಯ ಹತ್ತು ಗುಂಡು ಒಂದರ ಹಿಂದೊಂದು ಬಲಕ್ಕೆ ಸರಿದವು. ಹೆದರಿದಳು, ಕೈ ನಡುಗಿತು ಅಂದರು ಎಲ್ಲರೂ; ಸ್ವಂತ ಅಣ್ಣನೂ ಅಂದ. ಅವರೂ ನಂಬಿದರು. ಮುಂದೆ ಆಪರೇಷನ್ ಥಿಯೇಟರಿಗೆ ಕರೆದಾಗ, ನಡುಗುವ ಕೈಗೆ ಅದು ಬೇಡ ಎಂದು ವಾರ್ಡಿನಲ್ಲೇ ಮೂವತ್ತು ವರ್ಷ ಕಳೆದರು. ಇಷ್ಟನ್ನೂ ಅವರು ಬೇರೆ ಯಾರದೋ ಸುದ್ದಿ ಎಂಬಂತೆ ಹೇಳಿದರು.

ಅಷ್ಟರಲ್ಲಿ ಸೈಟು ಕಳಚಿ ಬಂತು. ಬುಡದಡಿಯಿಂದ ಉಗುರಿನಷ್ಟು ಹಿತ್ತಾಳೆ ತಗಡು ಬೆಂಚಿನ ಮೇಲೆ ಬಿತ್ತು. ಮೇಸ್ತ್ರಿಯ ಕೈ ನಿಂತಿತು. ಆ ಚೂರನ್ನು ಕತ್ತರಿಸಿದವರು ಅವರೇ. ಆ ಪಂದ್ಯಕ್ಕೆ ಸ್ವಲ್ಪ ಮುಂಚೆ ರೈಫಲ್ಲು ರಿಪೇರಿಗೆ ಬಂದಿತ್ತು; ಆಗ ಅವರಿಗೆ ಇಪ್ಪತ್ತನಾಲ್ಕರ ಪ್ರಾಯ, ಇನ್ನೊಬ್ಬರ ಅಂಗಡಿಯಲ್ಲಿ ಕೆಲಸ. ಸೈಟು ಕೂರುವ ಕಚ್ಚನ್ನು ಅರದಿಂದ ಹೆಚ್ಚು ಉಜ್ಜಿಬಿಟ್ಟಿದ್ದರು. ಯಜಮಾನರು ಬೈದಾರು ಎಂದು ತಗಡು ತುರುಕಿ, ಬಡಿದು ಕೂರಿಸಿ ಕೊಟ್ಟಿದ್ದರು.

ಇದು ಅವರೊಬ್ಬರಿಗೇ ಗೊತ್ತಿದ್ದ ವಿಷಯ. ಚೂರನ್ನು ಕಸಕ್ಕೆ ಗುಡಿಸಿದ್ದರೆ ಮುಗಿಯುತ್ತಿತ್ತು. ಅವರು ಕನ್ನಡಕ ತೆಗೆದಿಟ್ಟರು.

"ನಿಮ್ಮ ಕೈ ನಡುಗಿರ್ಲಿಲ್ಲ ಅಮ್ಮ. ಸೈಟು ಸರಿದಿದ್ದು. ಇದನ್ನ ಹೀಗೆ ಕೂರಿಸಿದ್ದು ನಾನೇ."

ನರ್ಸಮ್ಮ ತಗಡನ್ನು ಎತ್ತಿಕೊಂಡು ನೋಡಿದರು. ಆಮೇಲೆ ಕೇಳಿದರು, "ನಾನು ಸೋತಿದ್ದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಜನ ಕೈ ನಡುಗಿತು ಅಂದ್ರು. ನನಗೂ ಹಾಗೇ ನಂಬೋಕೆ ಅನುಕೂಲವಾಗಿತ್ತು."

ನರ್ಸಮ್ಮ ಎದ್ದು ಹೊರಟರು. ಹುಡುಗಿ ರೈಫಲ್ಲಿಗೆ ಕೈ ಹಾಕಿದಳು. ಅತ್ತೆ ಅದು ಇಲ್ಲೇ ಇರಲಿ ಎಂದು ತಲೆಯಾಡಿಸಿದರು.

ಅಂದು ಮಧ್ಯಾಹ್ನ ಮೇಸ್ತ್ರಿ ನಡೆದದ್ದನ್ನು ಹೆಂಡತಿಗೆ ಹೇಳಿದರು. ಆಕೆ ಸಮಾಧಾನದ ಮಾತಾಡಲಿಲ್ಲ. ಹೇಳಿದ್ದು ಒಳ್ಳೇದಾಯ್ತು, ಇನ್ನು ಕೆಲಸ ನೆಟ್ಟಗೆ ಮಾಡಿ ಅಂದರು. ಮೇಸ್ತ್ರಿ ಉಕ್ಕಿನಲ್ಲಿ ಸೈಟಿಗೆ ಹೊಸ ಬುಡ ಮಾಡಿದರು, ಕಚ್ಚಿಗಿಂತ ತುಸು ಅಗಲವಾಗಿ. ಮಸಿ ಹಚ್ಚಿ ಕೂರಿಸುವುದು, ಮಸಿ ಎಲ್ಲಿ ಅಳಿಸಿತೋ ಅಲ್ಲಿ ಮಾತ್ರ ಅರ ಆಡಿಸುವುದು, ಮತ್ತೆ ಕೂರಿಸುವುದು. ಹೀಗೆ ನಾಲ್ಕು ದಿನ. ಕೊನೆಗೆ ಹಿತ್ತಾಳೆ ಸುತ್ತಿಗೆಯ ಏಟಿಗೆ ಬುಡ ಒಂದೊಂದೇ ಎಳೆ ಜರುಗಿ ಕೂತಿತು. ಸ್ಕ್ರೂಗಳ ಹಳೇ ಜಿಡ್ಡು ತೊಳೆದು ಬಿಗಿದರು. ಬುಡಕ್ಕೂ ರೈಫಲ್ಲಿಗೂ ಸೇರಿಸಿ ಒಂದು ಸಣ್ಣ ಗೆರೆ ಗೀರಿದರು. ಸೈಟು ಜರುಗಿದರೆ ಗೆರೆ ಮುರಿದು ಕಾಣುತ್ತದೆ.

ಕ್ಲಬ್ಬಿಗೆ ಬಂದು ನೀವೇ ಹೊಡೆದು ನೋಡಬೇಕು ಎಂದು ನರ್ಸಮ್ಮನಿಗೆ ಹೇಳಿ ಕಳಿಸಿದರು. ಬರುತ್ತಾರೆಂಬ ನಂಬಿಕೆ ಇರಲಿಲ್ಲ. ಭಾನುವಾರ ನರ್ಸಮ್ಮ ಕ್ಲಬ್ಬಿಗೆ ಬಂದರು. ಮಂಡಿ ನೋಯುತ್ತಿತ್ತು, ಹುಡುಗಿಯ ತೋಳು ಹಿಡಿದು ಗುರಿಯಿಡಲು ಚಾಪೆಯ ಮೇಲೆ ಬೋರಲು ಮಲಗಿದರು. ಮೊದಲ ಗುಂಡುಗಳಲ್ಲಿ ಸೈಟು ಹೊಂದಿಸಿಕೊಂಡು, ಆಮೇಲೆ ಹತ್ತು ಹೊಡೆದರು, ಆತುರವಿಲ್ಲದೆ. ಹತ್ತೂ ಒಂದು ನಾಣ್ಯ ಮುಚ್ಚುವಷ್ಟು ಜಾಗದಲ್ಲಿದ್ದವು. ಗೆರೆ ಮುರಿದಿರಲಿಲ್ಲ.

ಗುರಿಯ ಕಾಗದವನ್ನು ಮಡಿಲಲ್ಲಿಟ್ಟುಕೊಂಡು ನರ್ಸಮ್ಮ ಗುಂಡಿನ ತೂತುಗಳ ಮೇಲೆ ಬೆರಳಾಡಿಸಿದರು. ಕೆನ್ನೆ ಒದ್ದೆಯಾಗಿತ್ತು. ಮೇಸ್ತ್ರಿ ಕ್ಷಮೆ ಕೇಳಲು ಬಾಯಿ ತೆರೆದರು.

"ಅದು ಈಗಲೇ ಆಗಲ್ಲ ನನ್ನ ಕೈಲಿ," ಅಂದರು ಆಕೆ. "ಸುಳ್ಳು ಹೇಳಿಲ್ಲ ನೀವು, ಅಷ್ಟು ಸಾಕು ಇವತ್ತಿಗೆ."

ರೈಫಲ್ಲನ್ನು ಹುಡುಗಿಗೆ ಕೊಡುವ ಯೋಚನೆ ಅಲ್ಲಿಗೇ ಬಿಟ್ಟರು. ಅವಳು ಕ್ಲಬ್ಬಿನದನ್ನೇ ಬಳಸಿದಳು. ನರ್ಸಮ್ಮ ಹಿರಿಯರ ಪಂದ್ಯಗಳಿಗೆ ಹೆಸರು ಬರೆಸಿದರು. ಆರು ತಿಂಗಳಿಗೊಮ್ಮೆ ಸ್ಕ್ರೂ ನೋಡಿಸಲು ಅಂಗಡಿಗೆ ಬರುತ್ತಾರೆ. ಇಬ್ಬರ ನಡುವೆ ಸೈಟಿನ ಮಾತು ಬಿಟ್ಟರೆ ಬೇರೇನೂ ಇರುವುದಿಲ್ಲ. ಮೇಸ್ತ್ರಿಯೂ ಬೇರೇನೂ ಕೇಳಿಲ್ಲ.