ಅಗಿಯದೆ ನುಂಗಿದ ಹುಡುಗಿ

ನಗು ಬಂದರೆ ತಡೆದುಕೊಳ್ಳಲಾಗದ ಜಾತಿಯವಳು ನಾನು. ಮುಳಬಾಗಿಲಿನ ನಮ್ಮ ಪುಟ್ಟ ಚರ್ಚಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುವಾಗಲೇ ನನ್ನ ಹೊಟ್ಟೆಯೊಳಗೆ ನಗು ಏಳುತ್ತಿತ್ತು. ಅಮ್ಮ ಕಣ್ಣು ತೆರೆಯದೆಯೇ ನನ್ನ ತೊಡೆ ಚಿವುಟುತ್ತಿದ್ದಳು. ಇಂಥವಳನ್ನು ಬೇಸಿಗೆ ರಜೆಯ ಮಿಷನ್ ಇಂಟರ್ನ್‌ಶಿಪ್ಪಿಗೆಂದು ನೈರೋಬಿಗೆ ಆರಿಸಿದ್ದಾರೆ ಎಂದು ನಮ್ಮ ಪಾದ್ರಿ ಅಯ್ಯನವರು ಆರಾಧನೆಯ ಕೊನೆಯಲ್ಲಿ ಹೇಳಿದಾಗ ಸಭೆಯವರೆಲ್ಲ ಸ್ತೋತ್ರ ಎಂದರು. ಅಮ್ಮ ಮಾತ್ರ ನನ್ನ ಮುಖ ನೋಡಿ, "ಅಲ್ಲೋಗಿ ಕಿಸಕಿಸ ಅಂತ ನಗ್ಬೇಡ ಕಣೇ, ಮಿಷನ್ನೋರ ಮುಂದೆ ನಮ್ಮ ಮರ್ಯಾದೆ ಹೋಗ್ತದೆ" ಎಂದಳು.

ಅವತ್ತಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಂಡಕಂಡವರಿಗೆಲ್ಲ ಸುದ್ದಿ ಹೇಳಿದೆ. ಕಾಲೇಜಿಗೆ ಹೋಗುವ ಬಸ್ಸಿನ ಕಂಡಕ್ಟರನ್ನೂ ಬಿಡಲಿಲ್ಲ. ಅವರು ಗಂಭೀರವಾಗಿ ಕೇಳಿಸಿಕೊಂಡು, "ಒಳ್ಳೇದಾಯ್ತಮ್ಮ. ಈಗ ಸದ್ಯಕ್ಕೆ ಕೋಲಾರಕ್ಕೊಂದ್ ಟಿಕೆಟ್ ತಗೊಂಬಿಡು" ಎಂದರು. ಹೊರಡುವ ದಿನ ಶ್ರೀನಿವಾಸಪುರದ ಚಿಕ್ಕಮ್ಮ ಒಂದು ಚೀಲದ ತುಂಬ ಬಾದಾಮಿ ಮಾವಿನಹಣ್ಣು ಹೊತ್ತು ತಂದಳು. ಆ ದೇಶಕ್ಕೆ ಹಣ್ಣು ಒಯ್ಯುವಂತಿಲ್ಲ ಎಂದು ನಮಗೆ ಗೊತ್ತಾದದ್ದು ವಿಮಾನ ನಿಲ್ದಾಣದ ಬಾಗಿಲಲ್ಲಿ. ಚೆಲ್ಲಲು ಚಿಕ್ಕಮ್ಮ ಬಿಡಬೇಕಲ್ಲ. ಮನೆಮಂದಿಯೆಲ್ಲ ಅಲ್ಲೇ ಸಾಲಾಗಿ ನಿಂತು, ಹಲ್ಲಿನಲ್ಲೇ ಸಿಪ್ಪೆ ಕಚ್ಚಿ ಎಳೆದು, ಮೊಣಕೈವರೆಗೆ ರಸ ಸುರಿಸಿಕೊಂಡು ತಿಂದೆವು. ಅಳಬೇಕು ಎಂದುಕೊಂಡು ಬಂದಿದ್ದ ಅಮ್ಮನಿಗೆ ಅದಕ್ಕೆ ಪುರಸೊತ್ತೇ ಆಗಲಿಲ್ಲ.

ನೈರೋಬಿಯಲ್ಲಿ ಬೇಸಿಗೆಯೂ ಇರಲಿಲ್ಲ, ಸೆಕೆಯೂ ಇರಲಿಲ್ಲ. ಜಡಿಮಳೆ, ಥಂಡಿ. ಆಫ್ರಿಕಾ ಅಂದರೆ ಬೆಂಕಿ ಎಂದು ಅಮ್ಮ ತುಂಬಿಕೊಟ್ಟಿದ್ದ ತೆಳು ಹತ್ತಿ ಬಟ್ಟೆಗಳನ್ನು ಒಂದರ ಮೇಲೊಂದು ಹಾಕಿಕೊಂಡು ಓಡಾಡಿದೆ. ಆದರೂ ಖುಷಿಯೋ ಖುಷಿ. ಪುಟ್ಟ ವ್ಯಾನಿನಲ್ಲಿ ಜನ ಒತ್ತೊತ್ತಾಗಿ ಕೂತು, ಹಾಡು ಜೋರಾಗಿ ಹಾಕಿಕೊಂಡು ಹೋಗುವುದನ್ನು ಕಂಡು ನಮ್ಮೂರಿನ ನಂಗಲಿ ಕಡೆಯ ಟೆಂಪೋದಲ್ಲೇ ಕೂತಿದ್ದೇನೆ ಅನ್ನಿಸಿತು.

ನನಗಿದ್ದ ಚಿಂತೆ ಒಂದೇ. ಮೊದಲ ವಾರ ಕಳೆದ ಮೇಲೆ ಇಂಟರ್ನ್‌ಗಳಲ್ಲಿ ಕೆಲವರನ್ನು ತಗಡಿನ ಮನೆಗಳ ಒಂದು ಬಡಾವಣೆಗೆ, ಮನೆಮನೆಯ ಭೇಟಿಗೆ ಕಳಿಸುತ್ತಾರೆ. ಉಳಿದವರು ಸ್ಟೋರ್ ರೂಮಿನಲ್ಲಿ ದಾನದ ಬಟ್ಟೆ ವಿಂಗಡಿಸಬೇಕು. ಬಟ್ಟೆ ಮಡಚುವುದಕ್ಕೆ ಸಮುದ್ರ ದಾಟಬೇಕಿತ್ತೇ? ನನಗೆ ಜನ ಬೇಕಿತ್ತು. ಆದರೆ ಅಮೆರಿಕದಿಂದ ಬಂದಿದ್ದ ಹುಡುಗಿಯರ ಇಂಗ್ಲಿಷ್ ಕೊಳಾಯಿ ನೀರಿನ ಹಾಗೆ ಸುರಿಯುತ್ತಿತ್ತು. ನನ್ನ ತಲೆಯಲ್ಲಿ ಕನ್ನಡ, ನಾಲಿಗೆಯ ತುದಿಯಲ್ಲಿ ತೆಲುಗು. ಇಂಗ್ಲಿಷ್ ಬರುವಷ್ಟರಲ್ಲಿ ಮಾತು ಮುಂದಕ್ಕೆ ಹೋಗಿರುತ್ತಿತ್ತು. ನಮ್ಮ ಮೇಲ್ವಿಚಾರಣೆಯ ಮೇಡಂ ಆ ಊರಿನವರೇ, ಒಳ್ಳೆಯವರು. ಅವರು ನನ್ನನ್ನು ಕನಿಕರದಿಂದ ನೋಡಿದಾಗಲೆಲ್ಲ ನನಗೆ ಸ್ಟೋರ್ ರೂಮೇ ಕಣ್ಣ ಮುಂದೆ ಬರುತ್ತಿತ್ತು.

ಭಾನುವಾರ ಆರಾಧನೆ ಮುಗಿದ ಮೇಲೆ ಮೇಡಂ ನಮ್ಮನ್ನು ಆ ಬಡಾವಣೆಯ ಒಬ್ಬ ಅಜ್ಜಿಯ ಮನೆಗೆ ಊಟಕ್ಕೆ ಕರೆದೊಯ್ದರು. ಅಜ್ಜಿಗೆ ಇಂಗ್ಲಿಷ್ ಬಾರದು, ಸ್ವಾಹಿಲಿ ಮಾತ್ರ. ನೆರೆಹೊರೆಯ ಹೆಂಗಸರೂ ಸೇರಿದ್ದರು. ಅಜ್ಜಿ ಮುಚ್ಚಳ ತೆಗೆದರೆ ಬಿಸಿಬಿಸಿ ಮುದ್ದೆ! ಮುಸುಕಿನಜೋಳದ್ದು, ಬೆಳ್ಳಗಿತ್ತು. ಹೆಸರು ಉಗಾಲಿಯಂತೆ. ಪಕ್ಕದಲ್ಲಿ ಸೊಪ್ಪು, ಕಾಳಿನ ಸಾರು. ಉಳಿದ ಹುಡುಗಿಯರು ಚಮಚ ಹುಡುಕುತ್ತಿದ್ದರೆ ನಾನು ಚಕ್ಕಳಮಕ್ಕಳ ಹಾಕಿ ಕೂತು, ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ಗುಳಕ್ಕನೆ ನುಂಗಿದೆ.

ಅಲ್ಲಿಯವರು ಉಗಾಲಿಯನ್ನು ಅಗಿದು ತಿನ್ನುತ್ತಾರೆ. ನನಗೇನು ಗೊತ್ತು? ಮುದ್ದೆ ಅಗಿದರೆ ನಮ್ಮಲ್ಲಿ ಸಣ್ಣ ಮಕ್ಕಳೂ ನಗುತ್ತವೆ. ಅಜ್ಜಿ ಕೂಗಿಕೊಂಡು ಎದ್ದು ಬಂದು ನನ್ನ ಬೆನ್ನಿಗೆ ಗುದ್ದಿದರು. ಗಂಟಲಿಗೆ ಸಿಕ್ಕಿದೆ ಎಂದುಕೊಂಡಿದ್ದರು. ಏನೂ ಆಗಿಲ್ಲ ಎಂದು ತೋರಿಸಲು ನಾನು ಇನ್ನೊಂದು ತುತ್ತು, ಮೊದಲನೆಯದಕ್ಕಿಂತ ದೊಡ್ಡದು, ನುಂಗಿದೆ. ಆಗಂತೂ ಹೆಂಗಸರೆಲ್ಲ ನನ್ನ ತಲೆ, ಭುಜ, ಹೊಟ್ಟೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥನೆ ಶುರುಮಾಡಿದರು. ನನಗೆ ನಗು ಬಂತು. ತಡೆಯಲು ಹೋಗಿ ಮೈಯೆಲ್ಲ ಅದುರಿತು. ಮೈ ಅದುರಿದಷ್ಟೂ ಪ್ರಾರ್ಥನೆ ಏರಿತು. ಕಣ್ಣಲ್ಲಿ ನೀರು ಬಂದು, ಕೊನೆಗೆ ಹೋ ಎಂದು ನಕ್ಕೇಬಿಟ್ಟೆ. ಮೇಡಮ್ಮಿಗೆ ನನ್ನ ಹರಕು ಇಂಗ್ಲಿಷಿನಲ್ಲಿ ವಿವರಿಸಿದೆ, ಅವರು ಸ್ವಾಹಿಲಿಯಲ್ಲಿ ಹೇಳಿದರು. ಹೆಂಗಸರು ಬಿದ್ದುಬಿದ್ದು ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ, ನನ್ನ ಹೊಟ್ಟೆಯನ್ನೇ ನೋಡುತ್ತಿದ್ದರು.

ಸಂಜೆ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಜೋಳದ್ ಸಂಗಟೀನಾ? ಸಾರ್ ಯಾವ್ದು?" ಎಂದಳು. ಅವಳ ಬಾಯಲ್ಲಿ ಮುದ್ದೆ ಯಾವಾಗಲೂ ಸಂಗಟಿ. ಆಮೇಲೆ, "ಪ್ರಾರ್ಥನೆ ಮಾಡೋವಾಗ ನಕ್ಕ್ಯಾ? ಹೋಯ್ತು ಬಿಡು. ಇನ್ನ ನಿನ್ನ ಯಾವ ಮನೆಗೂ ಕಳ್ಸಲ್ಲ ಅವ್ರು."

ಅಮ್ಮನ ಮಾತು ನಿಜವಾಯಿತು, ಆದರೆ ಬಾಯಿಗೆ ಸಕ್ಕರೆ ಹಾಕುವ ಹಾಗಿರಲಿಲ್ಲ. ಸೋಮವಾರ ಬೆಳಗ್ಗೆ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, ಭಾಷೆ ಸ್ವಲ್ಪ ಸುಧಾರಿಸಲಿ, ಅಲ್ಲಿಯವರೆಗೆ ಬಟ್ಟೆಯ ಕೆಲಸ ನೋಡಿಕೋ ಎಂದರು. ಸರಿ ಎಂದೆ. ಉಳಿದವರು ಕೊಡೆ ಹಿಡಿದು ಹೊರಟರು. ನಾನು ಸ್ಟೋರ್ ರೂಮಿನಲ್ಲಿ ಯಾರದೋ ಅಂಗಿಗಳನ್ನು ಮಡಚುತ್ತ ಕೂತೆ. ಅಷ್ಟು ಹಾರಾಡಿಕೊಂಡು ಬಂದವಳಿಗೆ ಆ ಹೊತ್ತು ಊರಿಗೆ ವಾಪಸ್ಸು ಹೋಗಿಬಿಡಬೇಕು ಅನ್ನಿಸಿತು. ತುಂಬ ದುಃಖವಾಯಿತು.

ಮಧ್ಯಾಹ್ನ ಬಾಗಿಲಲ್ಲಿ ಮೇಡಂ ಜೊತೆ ಅಜ್ಜಿ ನಿಂತಿದ್ದರು. ಲಂಗದ ಅಂಚು ಕೆಸರಾಗಿತ್ತು. ರಾತ್ರಿ ಅವರಿಗೆ ನಿದ್ದೆ ಬಂದಿರಲಿಲ್ಲವಂತೆ. ತಾನು ಬಡಿಸಿದ್ದು ಈ ಹುಡುಗಿಯ ಹೊಟ್ಟೆಯಲ್ಲಿ ಕಲ್ಲಾಗಿ ಕೂತಿದ್ದರೆ ಇವಳ ತಾಯಿಗೆ ಏನು ಹೇಳಲಿ ಎಂದು, ಮಳೆಯಲ್ಲೇ ಕೊಡೆ ಹಿಡಿದು ನಡೆದು ಬಂದಿದ್ದರು. ನನ್ನ ಹೊಟ್ಟೆಯ ಮೇಲೆ ಅಂಗೈಯಿಟ್ಟು ಅಲ್ಲಿ ಇಲ್ಲಿ ಒತ್ತಿ ನೋಡಿದರು. ಆಮೇಲೆ ಮೇಡಂ ಕಡೆ ತಿರುಗಿ ಖಡಾಖಂಡಿತವಾಗಿ ಏನೋ ಹೇಳಿದರು. ಮೇಡಂ ನಗು ತಡೆಯಲಾರದೆ ನನಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು: "ರಜೆ ಮುಗಿಯುವ ತನಕ ಈ ಹುಡುಗಿಯನ್ನು ನನ್ನ ಬೀದಿಗೆ ಕಳಿಸು. ಅಗಿಯುವುದನ್ನು ನಾನು ಕಲಿಸುತ್ತೇನೆ."

ಮುದ್ದೆಯನ್ನು ನಾವು ಅಗಿಯುವುದಿಲ್ಲ ಎಂದು ಈ ಸಲ ನಾನು ಹೇಳಲಿಲ್ಲ. ಮೇಡಂ ಹೋಗೆಂದು ತಲೆಯಾಡಿಸಿದ್ದೇ ತಡ, ಮಡಚುತ್ತಿದ್ದ ಅಂಗಿಯನ್ನು ಹಾಗೆಯೇ ಬಿಟ್ಟು, ಅಜ್ಜಿಯ ಕೊಡೆಯೊಳಗೆ ಸೇರಿಕೊಂಡೆ.