ಸುಗುಣಮ್ಮನ ಎರಡು ಆಮೆನ್

ಶೆಟ್ಟಿಹಳ್ಳಿಯ ಸುಗುಣಮ್ಮ ಚರ್ಚಿಗೆ ಪ್ರಾರ್ಥನಾ ಪುಸ್ತಕ ತರುತ್ತಾರೆ, ಆದರೆ ತೆರೆಯುವುದಿಲ್ಲ. ಅದೇನಿದ್ದರೂ ಆರಾಧನೆ ನಡೆಸುವ ಅಯ್ಯನವರು ಸಾಲು ತಪ್ಪಿದಾಗ ಎತ್ತಿ ತೋರಿಸಲು. ಪಾಪದ ಅರಿಕೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಾರೆ, ಕಣ್ಣು ಮಾತ್ರ ಸಭೆಯ ಕಾರ್ಯದರ್ಶಿಯ ಮೇಲಿರುತ್ತದೆ. ಅಯ್ಯನವರ ಪ್ರಾರ್ಥನೆ ಮುಗಿಯುವ ಮೊದಲೇ ಇವರ ಆಮೆನ್ ಮುಗಿದಿರುತ್ತದೆ. ಎಲ್ಲರೂ ಹೇಳಿಯಾದ ಮೇಲೆ ನಿಧಾನವಾಗಿ ಆಮೆನ್ ಎನ್ನುತ್ತಿದ್ದ ಗಂಡ ಜಯಶೀಲಪ್ಪನವರ ಪಕ್ಕೆಗೆ, ಅವರು ಬದುಕಿದ್ದಷ್ಟು ದಿನವೂ ತಿವಿದು, "ಬೇಗ ಹೇಳ್ರೀ, ದೇವ್ರು ಊಟಕ್ಕೆ ಎದ್ದೋಗ್ತಾನೆ" ಎಂದು ಗದರುತ್ತಿದ್ದರು. ಅವರು ತೀರಿಕೊಂಡ ಮೇಲೆ, ಸಭೆಯೆಲ್ಲ ಮುಗಿಸಿ ಕೂತಾಗ ಸುಗುಣಮ್ಮ ಒಬ್ಬರೇ ಇನ್ನೊಂದು ಆಮೆನ್ ಹೇಳತೊಡಗಿದರು. ಹಿಂದಿನ ಸಾಲಿನ ಹುಡುಗಿಯರು ಕಿಸಕ್ಕನೆ ನಕ್ಕರು. ಹೊಸದಾಗಿ ಬಂದ ಅಯ್ಯನವರು, "ಒಂದು ಸಾಕಲ್ವಾ ಅಮ್ಮ, ಎರಡನೇದು ಬಿಟ್ಬಿಡಿ" ಎಂದರು. "ಬೇಕಾದ್ರೆ ಮೊದಲ್ನೇದು ಬಿಡ್ತೀನಿ ಅಯ್ಯನೋರೆ, ಅದು ನಂದು. ಎರಡನೇದು ನಮ್ಮೆಜಮಾನ್ರದು" ಎಂದರು ಸುಗುಣಮ್ಮ.